ಆ ಕಾಗದದಲ್ಲಿ ಏನಿತ್ತು?

ಈ ಸಲ ಒಂದು ಚಾನೆಲ್ ಐದು ಹೊಸ ಧಾರಾವಾಹಿ ಶುರು ಮಾಡಿತ್ತು. ನಾಲ್ಕು ಆಗಲೇ ನಿಂತುಹೋಗಿವೆ. ಅದರಲ್ಲಿ ಒಂದನ್ನು ನಾನು ತುಂಬಾ ಹಚ್ಚಿಕೊಂಡು ನೋಡುತ್ತಿದ್ದೆ. ಆರನೇ ಕಂತಿನ ಕೊನೆಗೆ ನಾಯಕಿ ಅಪ್ಪನ ಹಳೇ ಪೆಟ್ಟಿಗೆಯಿಂದ ಒಂದು ಕಾಗದ ತೆಗೆದಳು. ಮಡಿಕೆ ಬಿಚ್ಚಿದಳು. ಕೈ ನಡುಗಿತು. ಅಲ್ಲಿಗೆ ಕಂತು ಮುಗಿಯಿತು. ಮುಂದಿನ ವಾರ ಅದೇ ಹೊತ್ತಿಗೆ ಟಿವಿ ಮುಂದೆ ಕೂತರೆ ಯಾವುದೋ ಹಳೇ ಕಾರ್ಯಕ್ರಮದ ಮರುಪ್ರಸಾರ! ನಿಲ್ಲಿಸಿದ್ದೇವೆ ಅಂತ ಒಂದು ಸಾಲು ಕೂಡ ಹಾಕಲಿಲ್ಲ. ಆ ಕಾಗದದಲ್ಲಿ ಏನಿತ್ತು ಅಂತ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ.

ರೇಟಿಂಗ್ ಬರಲಿಲ್ಲ ಅಂತಾರೆ. ಜಾಹೀರಾತಿನ ದರ ನಿಂತಿರುವುದೇ ಅದರ ಮೇಲೆ, ಸರಿ. ಆದರೆ ಆರು ವಾರದಲ್ಲಿ ಎರಡು ಸಲ ಸಮಯ ಬದಲಿಸಿದರೆ ಜನ ಎಲ್ಲಿ ಅಂತ ಹುಡುಕಬೇಕು? ನೋಡಬೇಕು ಅಂದುಕೊಂಡವರ ಕೈಗೂ ಸಿಗದ ಹಾಗೆ ಮಾಡಿ, ಆಮೇಲೆ ಜನ ನೋಡಲಿಲ್ಲ ಅಂದರೆ ಹೇಗೆ?

ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ 1989ರಲ್ಲಿ ಶುರುವಾದ 'ಸೈನ್‌ಫೆಲ್ಡ್' ಅನ್ನೋ ಹಾಸ್ಯ ಧಾರಾವಾಹಿಯನ್ನೇ ನೋಡಿ. ಮೊದಲ ಕಂತನ್ನು ಪರೀಕ್ಷೆಗೆ ತೋರಿಸಿದಾಗ ಜನರಿಗೆ ಹಿಡಿಸಿರಲಿಲ್ಲ. ಮೊದಲ ಸೀಸನ್ ಬರೀ 5 ಕಂತು. ಆದರೂ ಅವಕಾಶ ಸಿಕ್ಕಿತು, 1998ರವರೆಗೆ 9 ಸೀಸನ್ ಓಡಿತು. ಜನ ಒಂದು ಪಾತ್ರಕ್ಕೆ ಹೊಂದಿಕೊಳ್ಳಲು ಸಮಯ ಬೇಕು, ಅಲ್ವಾ?

ನಿಲ್ಲಿಸಲೇಬೇಕು ಅಂತಿದ್ದರೆ ಕಥೆ ಮುಗಿಸುವ ಒಂದು ಕಂತಾದರೂ ಕೊಡಿ. ಚಿತ್ರೀಕರಣ ಮುಗಿದ ಕಂತುಗಳನ್ನು ಸುಮ್ನೆ ಒಳಗಿಟ್ಟುಕೊಳ್ಳಬೇಡಿ. ಮಧ್ಯರಾತ್ರಿ ಹಾಕಿದರೂ ಎದ್ದು ನೋಡುತ್ತೇನೆ.