ಜೂನ್ 19ರ ರಜೆ ಸುಮ್ನೆ ಸಿಕ್ಕಿದ್ದಲ್ಲ

ನಮ್ಮ ಹ್ಯೂಸ್ಟನ್ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ನಿನ್ನೆಯಿಂದ ಒಂದೇ ಮಾತು. ಜೂನ್ 19ಕ್ಕೆ ರಜೆ, ಯಾರ ಮನೇಲಿ ಸೇರೋಣ? ಬಿಸಿಬೇಳೆಬಾತ್ ಯಾರು ತರ್ತಾರೆ, ಈಜುಕೊಳ ಯಾರ ಮನೇಲಿದೆ, ಆಸ್ಟಿನ್‌ಗೆ ಹೋದರೆ ಹೇಗೆ. ಆ ದಿನ ರಜೆ ಯಾಕೆ ಅಂತ ಒಬ್ಬರೂ ಒಂದು ಸಾಲು ಬರೆಯಲಿಲ್ಲ. ಓದಿ ನನಗೆ ಮೈಯೆಲ್ಲ ಉರಿಯಿತು. ಅಲ್ಲಿ ಬರೆದರೆ ಹಬ್ಬದ ಅಡುಗೆಯ ನಡುವೆ ಕಳೆದುಹೋಗುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗ್ಯಾಲ್ವೆಸ್ಟನ್ ಬೀಚಿಗೆ ನಾವೆಲ್ಲ ಹೋಗಿದ್ದೀವಿ, ಒಂದು ಗಂಟೆ ದಾರಿ. 1865ರ ಜೂನ್ 19ರಂದು ಲಿಂಕನ್ ಕಡೆಯ ಸೈನ್ಯದ ಜನರಲ್ ಗಾರ್ಡನ್ ಗ್ರೇಂಜರ್, ಗುಲಾಮರೆಲ್ಲ ಇನ್ನು ಸ್ವತಂತ್ರರು ಅಂತ ಆದೇಶ ಹೊರಡಿಸಿದ್ದು ಅದೇ ಊರಿನಲ್ಲಿ. ಟೆಕ್ಸಸ್‌ನಲ್ಲಿ ಆಗ ಸುಮಾರು ಎರಡೂವರೆ ಲಕ್ಷ ಗುಲಾಮರಿದ್ದರು. ಗುಲಾಮರ ಬಿಡುಗಡೆಯ ಲಿಂಕನ್ ಅವರ ಘೋಷಣೆ 1863ರ ಜನವರಿ 1ಕ್ಕೇ ಜಾರಿಗೆ ಬಂದಿತ್ತು. ಸೈನ್ಯ ಬಂದು ಎದುರಿಗೆ ನಿಲ್ಲುವವರೆಗೂ ಇಲ್ಲಿನ ಮಾಲೀಕರು ಅದನ್ನು ಲೆಕ್ಕಕ್ಕೇ ಇಡಲಿಲ್ಲ. ಎರಡೂವರೆ ವರ್ಷ ಜಾಸ್ತಿ ದುಡಿಸಿಕೊಂಡರು. ಆ ಆದೇಶದ ಕೊನೆಯಲ್ಲಿ ಬಿಡುಗಡೆಯಾದವರಿಗೆ ಬುದ್ಧಿವಾದ ಬೇರೆ ಇದೆ: ಇದ್ದಲ್ಲೇ ಇರಿ, ಕೂಲಿಗೆ ದುಡಿಯಿರಿ, ಸುಮ್ಮನೆ ಕೂತರೆ ಸರ್ಕಾರ ಸಾಕುವುದಿಲ್ಲ. ತಲೆಮಾರುಗಟ್ಟಲೆ ಬಿಟ್ಟಿ ದುಡಿದವರಿಗೆ ಹೇಳುವ ಮಾತಾ ಇದು? ಓದಿದಾಗಲೆಲ್ಲ ಹೊಟ್ಟೆ ಕಿವುಚಿದಂತಾಗುತ್ತದೆ.

ಆ ಜನ ಏನು ಮಾಡಿದರು ಗೊತ್ತಾ? ಜೂನ್‌ಟೀಂತ್, ಅಂದರೆ ಈ ಜೂನ್ 19ರ ಬಿಡುಗಡೆಯ ದಿನ, ಆಚರಿಸೋಕೆ ಜಾಗ ಬೇಕು ಅಂತ ತಮ್ಮ ತಮ್ಮಲ್ಲೇ ಹಣ ಕೂಡಿಸಿ 1872ರಲ್ಲಿ ಹತ್ತು ಎಕರೆ ಕೊಂಡರು. ಗುಲಾಮಗಿರಿಯಿಂದ ಹೊರಬಂದು ಏಳೇ ವರ್ಷ ಆಗಿತ್ತು. ಮುಂದೆ ನಿಂತವರಲ್ಲಿ ಪಾದ್ರಿ ಜ್ಯಾಕ್ ಯೇಟ್ಸ್ ಒಬ್ಬರು. ಅದೇ ನಮ್ಮ ಹ್ಯೂಸ್ಟನ್‌ನ ಥರ್ಡ್ ವಾರ್ಡ್ ಬಡಾವಣೆಯಲ್ಲಿರುವ ಎಮ್ಯಾನ್ಸಿಪೇಷನ್ (ಬಿಡುಗಡೆ) ಪಾರ್ಕ್. "ಆ ಏರಿಯಾ ಸರಿ ಇಲ್ಲ" ಅಂತ ನಮ್ಮವರು ಕಾರಿನ ಗಾಜು ಏರಿಸಿಕೊಂಡು ದಾಟುತ್ತಾರಲ್ಲ, ಅದೇ ಜಾಗ. ಈ ನಗರದ ಉಳಿದ ಸಾರ್ವಜನಿಕ ಪಾರ್ಕುಗಳಿಗೆ ಕಪ್ಪು ಜನರನ್ನು ಬಿಡದ ಕಾಲದಲ್ಲಿ ಅವರ ಮಕ್ಕಳು ಆಡಿದ್ದು ಅಲ್ಲಿ.

ಹೋದ ವರ್ಷ ಜೂನ್‌ಟೀಂತ್‌ಗೆ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ವಯಸ್ಸಾದ ಒಬ್ಬ ಅಮ್ಮ ದೊಡ್ಡ ಕೂಲರ್‌ನಿಂದ ಕೆಂಪು ಪಾನಕ ಬಗ್ಗಿಸಿ ಕೊಡುತ್ತಿದ್ದರು. ಲೋಟದ ಹೊರಗೆಲ್ಲ ಬೆವರಿಳಿದಂತೆ ನೀರು. ನಮ್ಮ ಪುಂಡಿ ಸೊಪ್ಪಿನ ಬಳಗದ ಗಿಡದ ಕೆಂಪು ಹೂವಿನಿಂದ ಮಾಡಿದ್ದು, ಹುಳಿ-ಸಿಹಿ. ಆ ದಿನ ಕೆಂಪು ಪಾನಕ, ಕಲ್ಲಂಗಡಿ, ಕೆಂಪು ಕೇಕ್ ಎಲ್ಲ ಹಿರಿಯರ ರಕ್ತದ ನೆನಪಿಗೆ ಅಂತ ಅವರೇ ಮಗಳಿಗೆ ಹೇಳಿದರು. ಕುಡಿಯುವ ಮೊದಲು ಮಗಳು ಒಂದು ಕ್ಷಣ ಲೋಟ ನೋಡುತ್ತಾ ನಿಂತಳು. ಶಾಲೆಯಲ್ಲಿ ಇಷ್ಟು ವರ್ಷ ಕಲಿತಿದ್ದಕ್ಕಿಂತ ಜಾಸ್ತಿ ಅವತ್ತು ಅವಳಿಗೆ ತಲುಪಿತು.

"ಅದು ಅವರ ಹಬ್ಬ ಕಣೇ, ನಾವ್ಯಾಕೆ ನಡುವೆ ಹೋಗೋದು" ಅಂತ ಗೆಳತಿಯೊಬ್ಬಳು ಅಂದಳು. ಸಂಕೋಚದಿಂದ ಹೇಳಿದ್ದು, ಅರ್ಥವಾಗುತ್ತದೆ. ಆದರೆ ಒಪ್ಪುವುದಿಲ್ಲ. 1923ರಲ್ಲಿ ಪಂಜಾಬಿನಿಂದ ಬಂದಿದ್ದ ಭಗತ್ ಸಿಂಗ್ ಥಿಂಡ್ ಅವರಿಗೆ ಇಲ್ಲಿನ ಸುಪ್ರೀಂ ಕೋರ್ಟ್, ನೀನು ಬಿಳಿಯನಲ್ಲ, ಪೌರತ್ವ ಸಿಗದು ಅಂದಿತು. ಅವರು ಇದೇ ದೇಶದ ಸೈನ್ಯದಲ್ಲಿದ್ದವರು! 1946ರಲ್ಲಿ ಬಾಗಿಲು ತೆರೆದಾಗಲೂ ವಲಸೆ ಬರಬಹುದಾಗಿದ್ದದ್ದು ವರ್ಷಕ್ಕೆ ನೂರೇ ಭಾರತೀಯರು. ಕಪ್ಪು ಜನ ಬೀದಿಗಿಳಿದು, ಏಟು ತಿಂದು, ಜೈಲಿಗೆ ಹೋಗಿ 1964ರ ನಾಗರಿಕ ಹಕ್ಕುಗಳ ಕಾಯ್ದೆ ತಂದರು. ಅದರ ಬೆನ್ನಿಗೇ 1965ರ ವಲಸೆ ಕಾಯ್ದೆ ಬಂದು ಆ ಹಳೆಯ ಮಿತಿ ಹೋಯಿತು. ನಾವು ಇಲ್ಲಿ ಮನೆ ಮಾಡಿಕೊಂಡು ಕೂತಿರೋದು ಆ ದಾರಿಯಲ್ಲಿ ಬಂದೇ ಅಲ್ವಾ? ಹಾಗಿರುವಾಗ ನಮಗೆ ಸಂಬಂಧವಿಲ್ಲ ಅನ್ನೋಕೆ ಬಾಯಾದರೂ ಹೇಗೆ ಬರುತ್ತದೆ?

ನಾನು ಯಲ್ಲಾಪುರದ ಕಡೆಯವಳು ಅಂತ ನಿಮಗೆ ಗೊತ್ತು. ನಮ್ಮ ಕಡೆಯ ಸಿದ್ದಿಗಳ ಹಿರಿಯರಲ್ಲಿ ಎಷ್ಟೋ ಜನರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದದ್ದು. ನಮ್ಮ ಅಡಿಕೆ ತೋಟದಲ್ಲಿ ದಿನವಿಡೀ ದುಡಿದ ಸಿದ್ದಿ ಹೆಂಗಸರು ಜಗಲಿ ಹತ್ತುತ್ತಿರಲಿಲ್ಲ. ಅಂಗಳದಲ್ಲೇ ಕೂತು ಊಟ ಮಾಡಿ ಹೋಗುತ್ತಿದ್ದರು. ಯಾಕೆ ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ. ಅದನ್ನು ನೋಡಿ ಬೆಳೆದ ನನಗೆ ಈ ದಿನ ಬರೀ ರಜೆಯಾಗಿ ಉಳಿಯೋದು ಸಾಧ್ಯವೇ ಇಲ್ಲ.

ಫೋರ್ಟ್ ವರ್ತ್‌ನ ಓಪಲ್ ಲೀ ಅವರನ್ನು ನೆನೆಯಿರಿ. 1939ರ ಜೂನ್ 19ರಂದೇ ಬಿಳಿಯರ ಗುಂಪೊಂದು ಅವರ ಮನೆ ಹಾಳುಗೆಡವಿತು. ಆಗ ಅವರಿಗೆ 12 ವರ್ಷ. ಈ ದಿನ ಇಡೀ ದೇಶದ ರಜೆ ಆಗಬೇಕು ಅಂತ 89ನೇ ವಯಸ್ಸಿನಲ್ಲಿ ವಾಷಿಂಗ್ಟನ್ ಕಡೆಗೆ ನಡೆಯಲು ಹೊರಟರು. ಪ್ರತಿ ಊರಿನಲ್ಲೂ ಎರಡೂವರೆ ಮೈಲಿ, ಆ ಎರಡೂವರೆ ವರ್ಷದ ಲೆಕ್ಕಕ್ಕೆ. 2021ರಲ್ಲಿ ಕಾಯ್ದೆಗೆ ಸಹಿ ಬಿದ್ದಾಗ ಅವರು ಅಲ್ಲೇ ಇದ್ದರು. ನಮಗೆ ಸಿಕ್ಕ ರಜೆ ಆ ಕಾಲುಗಳ ದುಡಿಮೆ.

ಮಾಡಬೇಕಾದ್ದು ಬಹಳ ಏನಿಲ್ಲ. ಕಪ್ಪು ಜನ ಕರೆದಲ್ಲಿಗೆ ಹೋಗಿ, ಹಿಂದೆ ನಿಂತು ಕೇಳೋದು. ಅವರು ಹಾಕಿದ ಅಂಗಡಿಯಲ್ಲಿ ಚೌಕಾಸಿ ಮಾಡದೆ ಕೊಳ್ಳೋದು, ಅವರು ಬಡಿಸಿದ್ದನ್ನು ತಿನ್ನೋದು. ಮಾಂಸ ತಿನ್ನದವರಿಗೂ ಜೋಳ, ಕಲ್ಲಂಗಡಿ ಇರುತ್ತೆ. ಮಕ್ಕಳ ಮುಂದೆ "ಕರಿಯರ ಏರಿಯಾ" ಅನ್ನೋ ಮಾತನ್ನು ಅವತ್ತಿಗಾದರೂ ಬಿಡೋದು, ಆಮೇಲೆ ಪೂರ್ತಿ ಬಿಡೋದು.

ನಾನು 19ಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಆ ಪಾರ್ಕಿಗೆ ಹೋಗಲು ಮನೆ ಬಿಡುತ್ತೇನೆ. ಕಾರಿನಲ್ಲಿ ಮೂರು ಸೀಟು ಖಾಲಿ ಇದೆ. ಬರುವವರು ಇಲ್ಲೇ ಹೇಳಿ, ಟೋಪಿ ತನ್ನಿ, ಬಿಸಿಲು ಜೋರಿರುತ್ತೆ.