ಇದ್ದೂ ಇಲ್ಲದ ನಾಲ್ಕು ಡಿಸ್ಕ್‌ಗಳು

"ಅರ್ಧ ಗಂಟೆಯ ಕೆಲಸ" ಎಂದು ಹೇಳಿ ಸರ್ವರ್ ಕೋಣೆಗೆ ಹೋದದ್ದೇ ನನ್ನ ಮೊದಲ ತಪ್ಪು. ಪೆನ್‌ಡ್ರೈವ್ ಚುಚ್ಚಿ, ಭಾಷೆ ಆರಿಸಿ, ಷರತ್ತುಗಳನ್ನು ಓದದೆಯೇ ಒಪ್ಪಿಕೊಂಡೆ. ವಿಂಡೋಸ್ ಇನ್‌ಸ್ಟಾಲರ್ ತಣ್ಣಗೆ ಹೇಳಿತು: ಯಾವ ಡ್ರೈವೂ ಸಿಗಲಿಲ್ಲ.

ಸಿಗಲಿಲ್ಲ ಎಂದರೇನು? 4 ಟಿಬಿಯ ನಾಲ್ಕು ಡಿಸ್ಕ್‌ಗಳು ನನ್ನ ಮೂಗಿನ ಮುಂದೆಯೇ ಹಸಿರು ದೀಪ ಹೊತ್ತಿಸಿಕೊಂಡು ಕೂತಿದ್ದವು!

ಡಿಸ್ಕ್ ಕಾಣದಿದ್ದರೆ ಎಳೆದು ಮತ್ತೆ ಕೂರಿಸುವುದು ನಮ್ಮ ವೃತ್ತಿಯ ಅಜ್ಜಿಮದ್ದು. ಒಂದೊಂದನ್ನೂ ಹೊರಗೆಳೆದೆ, ಧೂಳಿಲ್ಲದಿದ್ದರೂ ಊದಿದೆ, 'ಕ್ಲಿಕ್' ಎನ್ನುವವರೆಗೆ ಒತ್ತಿದೆ. ಕೇಬಲ್ ಅಲುಗಾಡಿಸಿ ನೋಡಿದೆ. ಪ್ರತಿ ಪ್ರಯೋಗಕ್ಕೂ ಒಂದು ರೀಸ್ಟಾರ್ಟ್. ಸರ್ವರ್ ಏಳುವುದೆಂದರೆ ಲ್ಯಾಪ್‌ಟಾಪ್ ಎದ್ದಂತಲ್ಲ. ಮೊದಲು ಫ್ಯಾನ್‌ಗಳು ವಿಮಾನದಂತೆ ಅರಚುತ್ತವೆ, ಆಮೇಲೆ ಯಂತ್ರ ತನ್ನ ಮೆಮೊರಿಯನ್ನೆಲ್ಲ ಪುರುಸೊತ್ತಾಗಿ ತಡವಿಕೊಳ್ಳುತ್ತದೆ. ನಮ್ಮ ಆಯುಷ್ಯ ಅಲ್ಲಿ ನಿಂತೇ ಸವೆಯುತ್ತದೆ.

ಹಿರಿಯ ಸಹೋದ್ಯೋಗಿಗೆ ಫೋನ್ ಮಾಡಿದೆ. "ರೇಡ್ ಕಂಟ್ರೋಲರ್‌ನ ಡ್ರೈವರ್ ಕೊಟ್ಟಿರಾ?" ಎಂದರು. ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ಆಳುವ ಯಂತ್ರಭಾಗ ರೇಡ್ ಕಂಟ್ರೋಲರ್; ಅದರೊಂದಿಗೆ ಮಾತಾಡಲು ವಿಂಡೋಸ್‌ಗೆ ಬೇಕಾದ ತಂತ್ರಾಂಶ ಡ್ರೈವರ್. ಕೊಟ್ಟಿರಲಿಲ್ಲ. ಇಳಿಸಿಕೊಂಡು ಇನ್ನೊಂದು ಪೆನ್‌ಡ್ರೈವಿನಲ್ಲಿ ತಂದೆ. ಇನ್‌ಸ್ಟಾಲರ್ ಅದನ್ನು ಮೂಸಿಯೂ ನೋಡಲಿಲ್ಲ. ಅದಕ್ಕೆ ಬೇಕಿದ್ದದ್ದು ಡ್ರೈವರ್‌ನ ವಿವರವಿರುವ ಐಎನ್ಎಫ್ ಕಡತ, ನಾನು ತಂದದ್ದು ಬಿಚ್ಚದ ಇಎಕ್ಸ್‌ಇ ಗಂಟು. ಗಂಟು ಬಿಚ್ಚಿ ಮತ್ತೆ ತಂದೆ. ರಿಫ್ರೆಶ್ ಒತ್ತಿದೆ. ಪಟ್ಟಿಯಲ್ಲಿ ಒಂದು ಡಿಸ್ಕ್ ಮೂಡಿತು! ಖುಷಿಯಲ್ಲಿ ಮುಂದಿನ ಗುಂಡಿ ಒತ್ತಲು ಹೊರಟವನು ಗಾತ್ರ ನೋಡಿ ತಡೆದೆ: 14 ಜಿಬಿ ಚಿಲ್ಲರೆ. ಡ್ರೈವರ್ ಹೊತ್ತು ತಂದಿದ್ದ ಪೆನ್‌ಡ್ರೈವೇ ಅಲ್ಲಿ ಹಾಜರಿ ಹಾಕಿತ್ತು.

ಕೊನೆಗೆ, ಬೇರೇನೂ ತೋಚದೆ, ಕಂಟ್ರೋಲರ್‌ನ ಸ್ವಂತ ಸೆಟಪ್ ಒಳಹೊಕ್ಕೆ. ಭೌತಿಕ ಡಿಸ್ಕ್‌ಗಳು: 4. ವರ್ಚುವಲ್ ಡಿಸ್ಕ್‌ಗಳು: 0. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಈ ಕಂಟ್ರೋಲರ್ ಆ ಪೂಜಾರಿ. ಡಿಸ್ಕ್‌ಗಳನ್ನು ಒಂದು ಗುಂಪಾಗಿ ಕಟ್ಟಿ ವರ್ಚುವಲ್ ಡಿಸ್ಕ್ ಮಾಡಿಕೊಡುವವರೆಗೂ ಒಳಗೆ ಯಾರಿದ್ದಾರೆಂದು ಹೊರಗಿನವರಿಗೆ ಬಾಯಿ ಬಿಡುವುದಿಲ್ಲ. ನಾನು ಅದನ್ನು ಮಾಡಿಯೇ ಇರಲಿಲ್ಲ.

ಗುಂಪು ಕಟ್ಟುವುದರಲ್ಲೂ ಬಗೆಗಳಿವೆ. ಒಂದು ಡಿಸ್ಕಿನಷ್ಟು ಜಾಗವನ್ನು ರಕ್ಷಣೆಗೆ ಬಿಟ್ಟುಕೊಡುವ ರೇಡ್ 5 ಕಟ್ಟಿದ್ದರೆ 12 ಟಿಬಿ ಸಿಗುತ್ತಿತ್ತು. ಎಲ್ಲವನ್ನೂ ಎರಡೆರಡು ಡಿಸ್ಕಿನಲ್ಲಿ ಬರೆದಿಡುವ ರೇಡ್ 10 ಕಟ್ಟಿದೆ. 16 ಹೋಗಿ 8 ಆಯಿತು. ಒಂದೇ ದಿನ ಇಷ್ಟೊಂದು ಪೆಟ್ಟು ತಿಂದವನಿಗೆ ಜಾಗಕ್ಕಿಂತ ಜೋಡಿ ಪ್ರತಿಯೇ ಹಿತವೆನಿಸುತ್ತದೆ. ಮತ್ತೊಮ್ಮೆ ವಿಮಾನ ಅರಚಿತು. ಈ ಸಲ ಡ್ರೈವರ್ ಕೊಡುವ ಮೊದಲೇ ಡಿಸ್ಕ್ ಪಟ್ಟಿಯಲ್ಲಿ ಕೂತಿತ್ತು.

ಸಂಜೆ ಸಹೋದ್ಯೋಗಿ ಕೇಳಿದರು, "ಕಡೆಗೂ ತೊಂದರೆ ಏನಾಗಿತ್ತು?"

"ಡ್ರೈವರ್‌ದೇ ಸರ್."

"ನಾನು ಹೇಳಲಿಲ್ಲವೇ!" ಎಂದು ಅವರು ಹಿಗ್ಗಿದರು. ನಾನು ಹೇಳಿದ್ದೂ ಸುಳ್ಳೇನಲ್ಲ. ಬೆಳಿಗ್ಗೆಯಿಂದ ಸ್ಟಿಯರಿಂಗ್ ಹಿಡಿದಿದ್ದವನು ನಾನೇ.