ಕೆ.ಕೆ. ಎಕ್ಸ್‌ಪ್ರೆಸ್ ಇಷ್ಟೊಂದು ಕಡೆ ನಿಲ್ಲಬೇಕೆ?

ಬೆಂಗಳೂರಿನಿಂದ ಪ್ರತಿದಿನ ಸಂಜೆ ಹೊರಟು ಮೂರನೆಯ ದಿನ ಬೆಳಿಗ್ಗೆ ನವದೆಹಲಿ ಮುಟ್ಟುವ ಗಾಡಿ ಕರ್ನಾಟಕ ಎಕ್ಸ್‌ಪ್ರೆಸ್. ಮೊದಲು ಕರ್ನಾಟಕ ಮತ್ತು ಕೇರಳ ಎರಡಕ್ಕೂ ಸೇರಿ ಒಂದೇ ಗಾಡಿ ಇತ್ತು. ಆ ಕಾರಣಕ್ಕೆ ರಾಯಚೂರು, ಕಲಬುರಗಿ ಕಡೆಯವರ ಬಾಯಲ್ಲಿ ಅದು ಇವತ್ತಿಗೂ ‘ಕೆ.ಕೆ.’ಯೇ. ಸುಮಾರು 2,400 ಕಿ.ಮೀ. ದಾರಿ, ಮೂವತ್ತಕ್ಕೂ ಹೆಚ್ಚು ನಿಲುಗಡೆ, ಹತ್ತಿರಹತ್ತಿರ ನಲವತ್ತು ಗಂಟೆಯ ಪ್ರಯಾಣ. ನಿಲುಗಡೆಗಳನ್ನು ಅರ್ಧಕ್ಕೆ ಇಳಿಸಿ ಗಾಡಿಯನ್ನು ಬೇಗ ಓಡಿಸಬೇಕೆ ಎಂಬುದು ಪ್ರಶ್ನೆ.

ಪರ: ವೇಗ ಸ್ಲೀಪರ್ ಪ್ರಯಾಣಿಕನಿಗೂ ಸಲ್ಲಬೇಕು

ದೆಹಲಿಗೆ ಬೇಗ ಹೋಗಬೇಕಾದವರಿಗೆ ರಾಜಧಾನಿ ಎಕ್ಸ್‌ಪ್ರೆಸ್ ಇದೆಯಲ್ಲ ಎನ್ನುತ್ತಾರೆ. ಇದೆ. ಸಿಕಂದರಾಬಾದ್, ನಾಗ್ಪುರದ ಮೇಲೆ ಸುಮಾರು 34 ಗಂಟೆಯಲ್ಲಿ ದೆಹಲಿಯ ನಿಜಾಮುದ್ದೀನ್ ನಿಲ್ದಾಣ ತಲುಪಿಸುತ್ತದೆ. ಆದರೆ ಅದರಲ್ಲಿ ಸ್ಲೀಪರ್ ಬೋಗಿಯಿಲ್ಲ, ಜನರಲ್ ಬೋಗಿಯಿಲ್ಲ. 2016ರಿಂದ ಅದಕ್ಕೆ ಫ್ಲೆಕ್ಸಿ ದರ ಬೇರೆ: ಸೀಟು ತುಂಬಿದಂತೆ ಟಿಕೆಟ್ ಬೆಲೆ ಏರುತ್ತಾ ಹೋಗುತ್ತದೆ. ಹದಿನೈದು ದಿನದ ರಜೆಯಲ್ಲಿ ಊರಿಗೆ ಬಂದು ಹೋಗುವ ಯೋಧ, ದೆಹಲಿಯ ರಾಜೇಂದ್ರ ನಗರದ ಬಾಡಿಗೆ ಕೋಣೆಯಲ್ಲಿ ಯುಪಿಎಸ್‌ಸಿಗೆ ಓದುತ್ತಿರುವ ಹುಡುಗಿ, ಏಮ್ಸ್‌ನಲ್ಲಿ ಮಗುವನ್ನು ತೋರಿಸಲು ಹೊರಟ ತಂದೆ, ಇವರೆಲ್ಲ ಹತ್ತುವುದು ಕೆ.ಕೆ.ಯನ್ನೇ. ಕಾಸಿದ್ದವನಿಗೆ ಮಾತ್ರ ಸಮಯದ ಬೆಲೆ ಗೊತ್ತು ಎಂದು ರೈಲ್ವೆ ಭಾವಿಸಿದಂತಿದೆ. ಬಡವನ ಒಂದು ದಿನವೂ ಒಂದು ದಿನವೇ. ಆ ದಿನದ ಕೂಲಿ ಹೋದರೆ ಅವನಿಗೆ ತುಂಬಿಕೊಡುವವರು ಯಾರೂ ಇಲ್ಲ.

ಸರಾಸರಿ ವೇಗ ಗಂಟೆಗೆ 55 ಕಿ.ಮೀ. ಮುಟ್ಟಿದರೆ ಸಾಕು, ನಮ್ಮಲ್ಲಿ ಗಾಡಿ ‘ಸೂಪರ್‌ಫಾಸ್ಟ್’ ಆಗುತ್ತದೆ, ಟಿಕೆಟ್ಟಿನ ಮೇಲೆ ಹೆಚ್ಚುವರಿ ಶುಲ್ಕವೂ ಬೀಳುತ್ತದೆ. ಕೆ.ಕೆ.ಯ ಸರಾಸರಿ 60ರ ಆಸುಪಾಸು. ಗಂಟೆಗೆ 110 ಕಿ.ಮೀ. ಓಡಬಲ್ಲ ಎಂಜಿನ್ ಮತ್ತು ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿಗಳಿರುವ ಗಾಡಿಗೆ ಇದು ತೀರಾ ಕಡಿಮೆ.

ವೇಳಾಪಟ್ಟಿಯಲ್ಲಿ ‘2 ನಿಮಿಷ’ ಎಂದು ಅಚ್ಚಾಗಿರುವುದನ್ನು ನೋಡಿ ನಿಲುಗಡೆ ಸಣ್ಣದು ಎಂದುಕೊಳ್ಳುತ್ತೇವೆ. ಇಪ್ಪತ್ತಕ್ಕೂ ಹೆಚ್ಚು ಬೋಗಿಗಳ ಗಾಡಿಯ ವೇಗ ಇಳಿಸಬೇಕು, ನಿಲ್ಲಿಸಬೇಕು, ಮತ್ತೆ ಮೊದಲಿನ ವೇಗಕ್ಕೆ ತರಬೇಕು. ಎಲ್ಲ ಸೇರಿ ಒಂದು ನಿಲುಗಡೆಗೆ ಆರೇಳು ನಿಮಿಷ ಹೋಗುತ್ತದೆ. ಹದಿನೈದು ನಿಲುಗಡೆ ಕಡಿಮೆಯಾದರೆ ಒಂದೂವರೆ ಗಂಟೆ ಉಳಿಯುತ್ತದೆ. ದೆಹಲಿಯ ಆಸ್ಪತ್ರೆಗಳಲ್ಲಿ ಹೊರರೋಗಿ ಚೀಟಿ ಬೆಳಗಿನ ಹೊತ್ತಿಗೇ ಮುಗಿದುಹೋಗುವಾಗ, ಆ ಒಂದೂವರೆ ಗಂಟೆಯಿಂದ ಒಂದು ಇಡೀ ದಿನ ಉಳಿಯಬಹುದು.

ಎಲ್ಲಿ ಕಡಿಮೆ ಮಾಡಬೇಕು? ನನ್ನ ಉತ್ತರ ಮುಖ್ಯವಾಗಿ ಮಹಾರಾಷ್ಟ್ರದ ಮನಮಾಡದ ಆಚೆ. ಅಲ್ಲಿಂದ ಭುಸಾವಳ, ಖಂಡ್ವಾ, ಇಟಾರ್ಸಿವರೆಗೆ ಮುಂಬೈ ಕಡೆಯಿಂದ ಉತ್ತರಕ್ಕೆ ಹೋಗುವ ಗಾಡಿಗಳು ಸಾಲುಸಾಲಾಗಿವೆ. ಆ ಊರಿನವರಿಗೆ ಬೆಂಗಳೂರಿನ ಗಾಡಿಯೇ ಬೇಕೆಂದಿಲ್ಲ. ಎರಡನೆಯ ದಿನ ಮಧ್ಯಾಹ್ನ ಸ್ಲೀಪರ್ ಬೋಗಿಯಲ್ಲಿ ಕುಳಿತವರಿಗೆ ಇದು ಗೊತ್ತು. ಎರಡು ಮೂರು ನಿಲ್ದಾಣ ದಾಟಲು ಹತ್ತಿದವರು ಕಾಯ್ದಿರಿಸಿದ ಬರ್ತ್‌ನಲ್ಲಿ ನಾಲ್ವರು ಐವರಾಗಿ ಕೂರುತ್ತಾರೆ, ಶೌಚಾಲಯದ ಬಾಗಿಲವರೆಗೂ ಜನ, ಸಂಜೆಯೊಳಗೆ ನೀರು ಖಾಲಿ. ಬೆಂಗಳೂರಿನಿಂದ ಹೊರಟ ಮುದುಕಿ ಕಾಲು ಚಾಚಲಾಗದೆ ಭೋಪಾಲ್‌ವರೆಗೆ ಮುದುಡಿ ಕೂತಿರಬೇಕು.

ಒಮ್ಮೆ ಕೊಟ್ಟ ನಿಲುಗಡೆಯನ್ನು ಹಿಂದೆ ಪಡೆಯುವುದು ಯಾರಿಂದಲೂ ಆಗುತ್ತಿಲ್ಲ. ‘ಪ್ರಾಯೋಗಿಕ’ ಎಂದು ಶುರುವಾಗುತ್ತದೆ, ಸಂಸದರು ಹಸಿರು ನಿಶಾನೆ ತೋರಿಸುತ್ತಾರೆ, ಪ್ರಯೋಗದ ಫಲಿತಾಂಶವನ್ನು ಮತ್ತೆ ಯಾರೂ ಕೇಳುವುದಿಲ್ಲ. 2004ರಲ್ಲಿ ಆರಂಭವಾದ ಕರ್ನಾಟಕ ಸಂಪರ್ಕ ಕ್ರಾಂತಿಯ ಹಿಂದೆ ಒಳ್ಳೆಯ ವಿಚಾರವಿತ್ತು: ತವರು ರಾಜ್ಯದೊಳಗೆ ನಿಲ್ಲಲಿ, ಗಡಿ ದಾಟಿದ ಮೇಲೆ ಓಡಲಿ. ಆದರೆ ಅದು ದಿನವೂ ಇರುವ ಗಾಡಿಯಲ್ಲ. ಅದೇ ನಿಯಮವನ್ನು ದಿನವೂ ಓಡುವ ಕೆ.ಕೆ.ಗೆ ಅನ್ವಯಿಸಿ ಎಂದಷ್ಟೇ ನನ್ನ ಬೇಡಿಕೆ. ರಾಜ್ಯದೊಳಗೂ ರಾಯಚೂರು, ಕಲಬುರಗಿ ಉಳಿದರೆ ಸಾಕು. ಉಳಿದ ಊರುಗಳಿಗೆ ಉದ್ಯಾನ್, ಬಸವ, ಸೊಲ್ಲಾಪುರ–ಹಾಸನ ಗಾಡಿಗಳಿವೆ.

ವಿರೋಧ: ಇದು ದೆಹಲಿಗೆ ಹೋಗುವವರ ಗಾಡಿ ಮಾತ್ರವಲ್ಲ

ಬೆಂಗಳೂರು ನಿಲ್ದಾಣದಲ್ಲಿ ಸಂಜೆ ಕೆ.ಕೆ. ಹೊರಡುವ ಮುನ್ನ ಜನರಲ್ ಬೋಗಿಯ ಮುಂದಿನ ಸಾಲನ್ನು ನೋಡಬೇಕು. ಖಾಲಿಯಾದ ಬಣ್ಣದ ಡಬ್ಬಿಯೊಳಗೆ ಬಟ್ಟೆ, ಗೋಣಿಚೀಲದಲ್ಲಿ ಹಾಸಿಗೆ, ಬಟ್ಟೆಯ ಗಂಟಿನಲ್ಲಿ ರೊಟ್ಟಿ ಮತ್ತು ಶೇಂಗಾ ಚಟ್ನಿ. ಗಾರೆ ಕೆಲಸದವರು, ಸೆಂಟ್ರಿಂಗ್ ಕೆಲಸದವರು, ಅವರ ಹೆಂಡಿರು ಮಕ್ಕಳು. ಇವರಲ್ಲಿ ಹೆಚ್ಚಿನವರಿಗೆ ದೆಹಲಿಯ ಗೊಡವೆಯೇ ಇಲ್ಲ. ನಟ್ಟಿರುಳಿನಲ್ಲಿ ರಾಯಚೂರಿನಲ್ಲೋ ಯಾದಗಿರಿಯಲ್ಲೋ ಇಳಿದು, ನಿಲ್ದಾಣದ ನೆಲದ ಮೇಲೆ ಒಂದಿಷ್ಟು ಒರಗಿ, ಮೊದಲ ಬಸ್ಸಿಗೆ ಮಾನ್ವಿ, ದೇವದುರ್ಗ, ಶಹಾಪುರ, ಸುರಪುರಕ್ಕೆ ಹೋಗುವವರು. ಎಳ್ಳ ಅಮಾವಾಸ್ಯೆಯ ಹಿಂದಿನ ದಿನಗಳಲ್ಲಿ ಆ ಬೋಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

‘ಬೇರೆ ಗಾಡಿಗಳಿವೆಯಲ್ಲ’ ಎಂಬ ಮಾತು ಕಾಗದದ ಮೇಲೆ ಸರಿ. ಹಬ್ಬದ ಮುನ್ನ ಉದ್ಯಾನ್‌ನಲ್ಲಾಗಲಿ ಬಸವದಲ್ಲಾಗಲಿ ಬರ್ತ್ ಸಿಕ್ಕಿದರೆ ಹೇಳಿ. 2024ರ ಮಾರ್ಚ್‌ನಲ್ಲಿ ಕಲಬುರಗಿಗೆ ವಂದೇ ಭಾರತ್ ಬಂತು, ಸಂತೋಷ. ಅದು ಹಗಲಿನಲ್ಲಿ ಓಡುವ ಹವಾನಿಯಂತ್ರಿತ ಗಾಡಿ. ಶನಿವಾರ ಸಂಜೆ ಬಟವಾಡೆ ತೆಗೆದುಕೊಂಡು ಹೊರಡುವ ಕೂಲಿಯವನ ಹೊತ್ತಿಗೂ ಸಂಪಾದನೆಗೂ ಅದು ಒಗ್ಗುವುದಿಲ್ಲ. ರಾಯಚೂರಿಗೆ ಇನ್ನೂ ವಿಮಾನವಿಲ್ಲ, ಯಾದಗಿರಿಗೆ ಅದರ ಮಾತೇ ಇಲ್ಲ. ಖಾಸಗಿ ಸ್ಲೀಪರ್ ಬಸ್ಸಿನವರು ಹಬ್ಬದ ದಿನ ಕೇಳುವ ದರ ಎಲ್ಲರಿಗೂ ಗೊತ್ತು. ಈ ಜಿಲ್ಲೆಗಳಿಗೆ 371(ಜೆ) ವಿಧಿಯ ವಿಶೇಷ ಸ್ಥಾನ ಕೊಟ್ಟು ಹಿಂದುಳಿದ ಭಾಗವೆಂದು ಸಂವಿಧಾನದಲ್ಲೇ ಒಪ್ಪಿಕೊಂಡ ಮೇಲೆ, ಅಲ್ಲಿ ನಿಲ್ಲುತ್ತಿರುವ ಗಾಡಿಯನ್ನು ಯಾವ ಬಾಯಿಂದ ಕಿತ್ತುಕೊಳ್ಳುವುದು?

ಗಡಿಯಾಚೆಯ ನಿಲುಗಡೆಗಳೂ ಕನ್ನಡಿಗರಿಗೆ ಬೇಡವಾದವಲ್ಲ. ಮಂತ್ರಾಲಯ ರೋಡ್ ಇರುವುದು ಆಂಧ್ರದಲ್ಲಿ. ಇಳಿಯುವವರು ರಾಯರ ಮಠಕ್ಕೆ ಹೊರಟ ನಮ್ಮವರು. ಕೋಪರಗಾಂವ್ ಮಹಾರಾಷ್ಟ್ರದ ಸಣ್ಣ ಊರು. ಶಿರಡಿಗೆ ಹೋಗುವ ಎಷ್ಟೋ ಕನ್ನಡ ಕುಟುಂಬಗಳು ಇಳಿಯುವುದು ಅಲ್ಲೇ. ನಕ್ಷೆಯ ಮೇಲೆ ಗೆರೆ ಎಳೆದು ಇತ್ತ ನಮ್ಮದು, ಅತ್ತ ಅವರದು ಎಂದು ನಿಲುಗಡೆ ಅಳೆಯಲಾಗದು.

ದೂರದ ಗಾಡಿಯ ಲೆಕ್ಕಾಚಾರವೂ ನಿಲುಗಡೆಯ ಮೇಲೆ ನಿಂತಿದೆ. ಒಂದೇ ಬರ್ತ್‌ನಲ್ಲಿ ಬೆಂಗಳೂರಿನವನು ಕಲಬುರಗಿವರೆಗೆ, ಕಲಬುರಗಿಯವನು ಭುಸಾವಳವರೆಗೆ, ಭುಸಾವಳದವನು ದೆಹಲಿವರೆಗೆ ಹೋಗಬಹುದು. ಮೂವರಿಗೂ ಪ್ರಯಾಣ, ರೈಲ್ವೆಗೆ ಮೂರು ಟಿಕೆಟ್. ಸ್ಲೀಪರ್‌ನಲ್ಲಿ ಕಿಕ್ಕಿರಿಯುವುದು ನಿಜ, ಆ ಮುದುಕಿಯ ಕಷ್ಟವೂ ನಿಜ. ಆದರೆ ಆ ನೂಕುನುಗ್ಗಲಿಗೆ ಜನರಲ್ ಬೋಗಿ ಸಾಲದಿರುವುದೇ ಕಾರಣ. ಜನರಲ್ ಬೋಗಿ ಹೆಚ್ಚಿಸಿ, ಸ್ಲೀಪರ್ ಖಾಲಿಯಾಗುತ್ತದೆ.

ಸಮಯ ಹೋಗುತ್ತಿರುವುದು ನಿಜವಾಗಿ ಎಲ್ಲಿ? ಈ ದಾರಿಯಲ್ಲಿ ಸರಕು ಗಾಡಿಗೂ ಪ್ರಯಾಣಿಕರ ಗಾಡಿಗೂ ಹಳಿ ಒಂದೇ. ಬೆಂಗಳೂರಿನಿಂದ ದೆಹಲಿವರೆಗೆ ಸರಕಿಗೆಂದೇ ಪ್ರತ್ಯೇಕ ಕಾರಿಡಾರ್ ಇಲ್ಲ. ಕಲ್ಲಿದ್ದಲು, ಸಿಮೆಂಟ್ ಹೊತ್ತ ಗಾಡಿ ಮುಂದಿದ್ದರೆ ಸೂಪರ್‌ಫಾಸ್ಟ್ ಕೂಡ ನಿಲ್ದಾಣದ ಹೊರಗಿನ ಸಿಗ್ನಲ್ಲಿನಲ್ಲಿ (ಔಟರ್) ಕೆಂಪು ದೀಪ ನೋಡುತ್ತಾ ನಿಲ್ಲುತ್ತದೆ. ಇನ್ನೊಂದು ರೂಢಿಯಿದೆ: ತಡವಾದರೂ ಸರಿದೂಗಲಿ ಎಂದು ಕೊನೆಯ ನಿಲ್ದಾಣಕ್ಕೆ ಮುಂಚೆ ವೇಳಾಪಟ್ಟಿಯಲ್ಲೇ ಹೆಚ್ಚುವರಿ ಸಮಯ ಸೇರಿಸಿಡುವುದು. ಅದನ್ನು ಮುಟ್ಟದೆ, ಯಾದಗಿರಿಯ ಎರಡು ನಿಮಿಷಕ್ಕೆ ಕೈ ಹಾಕುವುದು ನ್ಯಾಯವಲ್ಲ.

ಕಡಿತ ಮನಮಾಡದಾಚೆ ಎಂದು ಪರ ವಾದ ಹೇಳುತ್ತದೆ. ಪ್ರಾಮಾಣಿಕವಾದ ಮಾತು, ಅದರ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕತ್ತರಿ ಯಾರ ಕೈಯಲ್ಲಿದೆ ನೋಡಿ. ಕಲಬುರಗಿ ನಿಲ್ದಾಣ ಸೊಲ್ಲಾಪುರ ವಿಭಾಗದ್ದು, ಆ ವಿಭಾಗ ಸೇರಿರುವ ಮಧ್ಯ ರೈಲ್ವೆ ವಲಯದ ಕೇಂದ್ರ ಕಚೇರಿ ಮುಂಬೈಯಲ್ಲಿ. ಕಲಬುರಗಿಗೇ ಒಂದು ವಿಭಾಗ ಬೇಕೆಂಬ ಕೂಗು ವರ್ಷಗಳಿಂದ ಇದೆ, ಇನ್ನೂ ಈಡೇರಿಲ್ಲ. ಕೋವಿಡ್ ಕಾಲದಲ್ಲಿ ದೇಶದ ಎಷ್ಟೋ ಕಡೆ ನಿಲುಗಡೆಗಳು ಹೋದಾಗ ಏಟು ತಿಂದದ್ದು ಸಣ್ಣ ಊರುಗಳು. ಅವನ್ನು ಮರಳಿ ಪಡೆಯಲು ಜನ ಮನವಿಪತ್ರ ಹಿಡಿದು ಅಲೆದರು. ಮಥುರಾ, ಗ್ವಾಲಿಯರ್‌ಗಳನ್ನು ಬಿಟ್ಟುಕೊಡಲು ಅಲ್ಲಿನವರು ಒಪ್ಪುವುದಿಲ್ಲ, ಒಪ್ಪಿಸುವ ಬಲ ನಮಗಿಲ್ಲ. ಕಡೆಗೆ ಕತ್ತರಿ ಬೀಳುವುದು ವಾಡಿ, ಯಾದಗಿರಿಯ ಮೇಲೆಯೇ.

ನಿಲುಗಡೆ ತೆಗೆಯುವುದೇ ಆದರೆ ಮೊದಲು ಬೆಂಗಳೂರಿನಿಂದ ಕಲಬುರಗಿಗೆ, ರಾಯಚೂರು, ಯಾದಗಿರಿ, ವಾಡಿಯಲ್ಲಿ ನಿಲ್ಲುವ, ಕನಿಷ್ಠ ಆರು ಜನರಲ್ ಬೋಗಿಗಳಿರುವ ಇನ್ನೊಂದು ದೈನಂದಿನ ರಾತ್ರಿ ಗಾಡಿಯನ್ನು ಕೊಡಲಿ. ಅದು ಒಂದು ವರ್ಷ ತಪ್ಪದೆ ಓಡಲಿ. ಕೆ.ಕೆ.ಯ ವೇಳಾಪಟ್ಟಿಯನ್ನು ಆಮೇಲೆ ತೆರೆಯೋಣ.